ಚೈನು ಮಾತ್ರ ಬದಲಿಸಿದರೆ ಸಾಲದೇ? ಬೈಕಿನ ಚೈನ್–ಸ್ಪ್ರಾಕೆಟ್ ಆಯ್ಕೆಯ ಹಿಂದಿನ ಲೆಕ್ಕಾಚಾರ

ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಬೆಳಗಿನ ಪಾಳಿ ಶುರುವಾಗುವ ಹೊತ್ತಿಗೆ ರಸ್ತೆ ಬದಿಯಲ್ಲಿ ಐದು ನಿಮಿಷ ನಿಂತು ಕಿವಿಗೊಟ್ಟರೆ ಒಂದು ವಿಷಯ ಗೊತ್ತಾಗುತ್ತದೆ. ಸಾಲಾಗಿ ಹೋಗುವ ಬೈಕುಗಳಲ್ಲಿ ಕೆಲವು ಎಂಜಿನ್ ಸದ್ದನ್ನಷ್ಟೇ ಮಾಡುತ್ತವೆ. ಇನ್ನು ಕೆಲವು ಜತೆಗೆ ‘ಕರಕರ’ ಎನ್ನುತ್ತವೆ, ಮತ್ತೆ ಕೆಲವು ಗುಂಡಿ ಬಂದಾಗಲೆಲ್ಲ ‘ಲಟಲಟ’ ಎಂದು ತಗಡು ಬಡಿದ ಸದ್ದು ಮಾಡುತ್ತವೆ. ಆ ಸದ್ದು ಬರುವುದು ಎಂಜಿನ್ನಿಂದಲ್ಲ, ಎಂಜಿನ್ ಮತ್ತು ಹಿಂಚಕ್ರವನ್ನು ಜೋಡಿಸುವ ಚೈನಿನಿಂದ.

ಚೈನು ಸವೆದಾಗ ಗ್ಯಾರೇಜಿನಲ್ಲಿ ನಡೆಯುವ ಮಾತುಕತೆ ಬಹುತೇಕ ಒಂದೇ ರೀತಿಯದು. ‘ಚೈನು ಮಾತ್ರ ಹಾಕಿ ಸಾಕು, ಸ್ಪ್ರಾಕೆಟ್ ಇನ್ನೂ ಚೆನ್ನಾಗಿದೆ’ ಎನ್ನುತ್ತಾರೆ ಗಾಡಿಯವರು. ‘ಎರಡು ಕೊಂಡಿ ತೆಗೆದುಬಿಡಿ, ಇನ್ನಾರು ತಿಂಗಳು ಓಡುತ್ತೆ’ ಎನ್ನುತ್ತಾರೆ ಪಕ್ಕದಲ್ಲಿ ನಿಂತವರು. ‘ಮುಂದಿನ ಸ್ಪ್ರಾಕೆಟ್‌ಗೆ ಒಂದು ಹಲ್ಲು ಜಾಸ್ತಿ ಹಾಕಿಸಿ, ಮೈಲೇಜ್ ಬರುತ್ತೆ’ ಎನ್ನುತ್ತಾರೆ ಮತ್ತೊಬ್ಬರು. ಈ ಮೂರು ಮಾತುಗಳಲ್ಲಿ ಎಷ್ಟು ನಿಜ? ನಿಮ್ಮ ಗಾಡಿಗೆ ಸರಿಯಾದ ಚೈನ್ ಸೆಟ್ ಆರಿಸುವುದು ಹೇಗೆ? ಈ ಲೇಖನದಲ್ಲಿ ನೋಡೋಣ.

ಚೈನು ನಿಜವಾಗಿಯೂ ಹಿಗ್ಗುತ್ತದೆಯೇ?

‘ಚೈನು ಎಳೆದುಕೊಂಡಿದೆ’ ಎಂದು ನಾವೆಲ್ಲ ಹೇಳುತ್ತೇವೆ. ರಬ್ಬರಿನ ಹಾಗೆ ಉಕ್ಕು ಹಿಗ್ಗಿದೆ ಎಂಬ ಚಿತ್ರ ಮನಸ್ಸಿನಲ್ಲಿ ಮೂಡುತ್ತದೆ. ಆದರೆ ಹಾಗೆ ಆಗುವುದಿಲ್ಲ. ಚೈನಿನ ಪಟ್ಟಿಗಳು ಹಿಗ್ಗುವುದಿಲ್ಲ, ಕೀಲುಗಳು ಸವೆಯುತ್ತವೆ.

ನಮ್ಮ ಬೈಕುಗಳಲ್ಲಿರುವುದು ರೋಲರ್ ಚೈನು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಸ್ವಿಟ್ಜರ್ಲೆಂಡ್ ಮೂಲದ ಹಾನ್ಸ್ ರೆನಾಲ್ಡ್ 1880ರಲ್ಲಿ ಇದಕ್ಕೆ ಈಗಿನ ರೂಪ ಕೊಟ್ಟರು. ಇದರ ಪ್ರತಿ ಕೀಲಿನಲ್ಲೂ ಮೂರು ಭಾಗಗಳಿವೆ. ನಡುವೆ ಒಂದು ಗಟ್ಟಿ ಪಿನ್ನು, ಅದರ ಸುತ್ತ ಕೊಳವೆಯಂಥ ಬುಷ್, ಬುಷ್‌ನ ಹೊರಗೆ ಸಲೀಸಾಗಿ ತಿರುಗುವ ರೋಲರ್. ಸ್ಪ್ರಾಕೆಟ್‌ನ ಹಲ್ಲಿಗೆ ತಾಗುವುದು ರೋಲರ್. ಚೈನು ಬಾಗುವಾಗ ಉಜ್ಜಿಕೊಳ್ಳುವುದು ಮಾತ್ರ ಒಳಗಿನ ಪಿನ್ನು ಮತ್ತು ಬುಷ್.

ಎಷ್ಟು ಸಲ ಉಜ್ಜಿಕೊಳ್ಳುತ್ತವೆ? ಒಂದು ಸಣ್ಣ ಲೆಕ್ಕ ಹಾಕೋಣ. 100 ಸಿಸಿ ಬೈಕಿನ ಹಿಂಚಕ್ರದ ಸುತ್ತಳತೆ ಸುಮಾರು 1.9 ಮೀಟರ್ ಎಂದುಕೊಳ್ಳಿ. ಒಂದು ಕಿಲೋಮೀಟರಿಗೆ ಅದು ಸುಮಾರು 530 ಸುತ್ತು ಸುತ್ತುತ್ತದೆ. ಹಿಂದಿನ ಸ್ಪ್ರಾಕೆಟ್‌ಗೆ 42 ಹಲ್ಲು, ಚೈನಿಗೆ 112 ಕೊಂಡಿ ಇದ್ದರೆ, ಅಷ್ಟರಲ್ಲಿ ಇಡೀ ಚೈನು ಸುಮಾರು 200 ಸಲ ಸುತ್ತಿ ಬಂದಿರುತ್ತದೆ. ಪ್ರತಿ ಸುತ್ತಿನಲ್ಲೂ ಒಂದೊಂದು ಕೀಲು ನಾಲ್ಕು ಸಲ ಮಡಚಿ ಬಿಚ್ಚುತ್ತದೆ: ಎರಡೂ ಸ್ಪ್ರಾಕೆಟ್‌ಗಳಿಗೆ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಅಂದರೆ ಕಿಲೋಮೀಟರಿಗೆ 800 ಸಲ. ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿದ ಚೈನಿನ ಪ್ರತಿ ಕೀಲೂ ಸುಮಾರು 1.6 ಕೋಟಿ ಸಲ ಉಜ್ಜಿಕೊಂಡಿರುತ್ತದೆ!

ಇದರಿಂದ ಪ್ರತಿ ಕೀಲಿನಲ್ಲಿ ಕಾಲು ಮಿಲಿಮೀಟರಿನಷ್ಟು, ಅಂದರೆ ಎರಡು–ಮೂರು ಕಾಗದದ ಹಾಳೆಗಳ ದಪ್ಪದಷ್ಟು ಸವೆತ ಆಯಿತು ಎಂದುಕೊಳ್ಳಿ. ಕಣ್ಣಿಗೆ ಕಾಣದಷ್ಟು ಕಡಿಮೆ. ಆದರೆ 112 ಕೀಲುಗಳ ಸವೆತ ಒಟ್ಟು ಸೇರಿದಾಗ ಚೈನು 28 ಮಿಲಿಮೀಟರ್, ಒಂದು ಇಂಚಿಗೂ ಹೆಚ್ಚು, ಉದ್ದವಾಗಿರುತ್ತದೆ. ‘ಎಳೆದುಕೊಂಡಿದೆ’ ಎಂದು ನಾವು ಹೇಳುವುದು ಇದಕ್ಕೇ.

ಕೆಮ್ಮಣ್ಣು, ಕಲ್ಲುಪುಡಿ ಮತ್ತು ಚೈನು

ಒಂದೇ ದಿನ ಕೊಂಡ ಎರಡು ಬೈಕುಗಳಲ್ಲಿ ಒಂದರ ಚೈನು ಮೂವತ್ತು ಸಾವಿರ ಕಿಲೋಮೀಟರ್ ಬಾಳಿ, ಇನ್ನೊಂದರದ್ದು ಹತ್ತೇ ಸಾವಿರಕ್ಕೆ ಮುಗಿಯುವುದುಂಟು. ಇದಕ್ಕೆ ಮುಖ್ಯ ಕಾರಣ ದೂಳು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲದಡಿ ಇರುವುದು ಗ್ರಾನೈಟ್ ಮತ್ತು ಅದರ ಸೋದರ ಶಿಲೆಯಾದ ನೈಸ್. ದೇವನಹಳ್ಳಿ ಬಳಿಯ ಕೊಯಿರಾ ಕಲ್ಲಿನ ಹೆಸರು ಕೇಳದ ಕಲ್ಲುಕುಟಿಗರಿಲ್ಲ. ಈ ಶಿಲೆಗಳು ಸವೆದೇ ನಮ್ಮ ಕೆಮ್ಮಣ್ಣು ಆಗಿರುವುದು. ಇದರಲ್ಲಿ ಕ್ವಾರ್ಟ್ಜ್, ಅಂದರೆ ಬೆಣಚುಕಲ್ಲಿನ ಹರಳುಗಳು ಧಾರಾಳವಾಗಿವೆ. ಖನಿಜಗಳ ಗಡಸುತನ ಹೇಳುವ ಮೋಸ್ ಅಳತೆಯಲ್ಲಿ ವಜ್ರಕ್ಕೆ 10 ಅಂಕವಾದರೆ ಕ್ವಾರ್ಟ್ಜ್‌ಗೆ 7. ಸಾಮಾನ್ಯ ಉಕ್ಕಿಗಿಂತ ಅದು ಗಟ್ಟಿ. ಕಲ್ಲುಪುಡಿ, ಎಂ–ಸ್ಯಾಂಡ್ ತುಂಬಿದ ಲಾರಿಗಳ ಹಿಂದೆ ಹೋಗುವಾಗ, ಡಾಂಬರು ಕಿತ್ತ ಹಳ್ಳಿ ರಸ್ತೆಯಲ್ಲಿ ಹಾಲಿನ ಕ್ಯಾನ್ ಹೊತ್ತು ಡೇರಿಗೆ ಹೋಗುವಾಗ ಚೈನಿನ ಮೇಲೆ ಕೂರುವುದು ಈ ದೂಳೇ. ಎಣ್ಣೆಯ ಜತೆ ಸೇರಿದರೆ ಅದು ಮರಳುಕಾಗದದಂತೆ ಉಜ್ಜುವ ಒಂದು ಲೇಪವಾಗುತ್ತದೆ. ಮಳೆ ಬಂದರೆ ತುಕ್ಕೂ ಸೇರಿಕೊಳ್ಳುತ್ತದೆ.

ಹೀರೋ ಸ್ಪ್ಲೆಂಡರ್‌ನಂಥ ಗಾಡಿಗಳಲ್ಲಿ ಚೈನನ್ನು ಪೂರ್ತಿ ಮುಚ್ಚುವ ತಗಡಿನ ಕವಚ ಇರುವುದು ಇದೇ ಕಾರಣಕ್ಕೆ. ನೋಡಲು ಹಳೇ ಕಾಲದ್ದು ಎನ್ನಿಸಿ ಕೆಲವರು ಅದನ್ನು ಬಿಚ್ಚಿಸುತ್ತಾರೆ. ನಮ್ಮ ರಸ್ತೆಗಳ ಮಟ್ಟಿಗೆ ಅದು ಚೈನಿನ ಆಯಸ್ಸನ್ನು ಕೈಯಾರೆ ಕಡಿಮೆ ಮಾಡಿದಂತೆ. ಈ ಕವಚಕ್ಕೆ ಒಂದು ದೋಷವೂ ಇದೆ. ಚೈನು ಕಣ್ಣಿಗೆ ಬೀಳದ ಕಾರಣ, ಸದ್ದು ಬರುವವರೆಗೂ ಅದರ ನೆನಪಾಗುವುದಿಲ್ಲ.

ಹಳೇ ಸ್ಪ್ರಾಕೆಟ್‌ಗೆ ಹೊಸ ಚೈನು

ಈಗ ಮೊದಲ ಪ್ರಶ್ನೆಗೆ ಬರೋಣ. ಚೈನು ಉದ್ದವಾದಾಗ ಎರಡು ರೋಲರ್‌ಗಳ ನಡುವಿನ ಅಂತರವೂ ಹೆಚ್ಚುತ್ತದೆ. ಈ ಅಂತರಕ್ಕೆ ‘ಪಿಚ್’ ಎನ್ನುತ್ತಾರೆ. ಸ್ಪ್ರಾಕೆಟ್‌ನ ಹಲ್ಲುಗಳ ಅಂತರ ಮಾತ್ರ ಮೊದಲಿನಷ್ಟೇ ಇರುತ್ತದೆ. ಹೀಗಾಗಿ ರೋಲರ್‌ಗಳು ಹಲ್ಲುಗಳ ಬುಡದಲ್ಲಿ ಕೂರುವ ಬದಲು ಮೇಲೇರಿ ಕೂರುತ್ತವೆ. ಎಲ್ಲ ಹಲ್ಲುಗಳೂ ಹಂಚಿಕೊಳ್ಳಬೇಕಾದ ಭಾರ ಕೆಲವೇ ಹಲ್ಲುಗಳ ಮೇಲೆ ಬೀಳುತ್ತದೆ. ಕ್ರಮೇಣ ಹಲ್ಲುಗಳು ಒಂದೇ ಬದಿಗೆ ಸವೆದು ಕೊಕ್ಕೆಯ ಆಕಾರ ತಾಳುತ್ತವೆ. ಚೈನೂ ಸ್ಪ್ರಾಕೆಟ್ಟೂ ಒಂದನ್ನೊಂದು ತಮ್ಮ ಅಳತೆಗೆ ತಿದ್ದಿಕೊಳ್ಳುತ್ತವೆ.

ಇಂಥ ಸ್ಪ್ರಾಕೆಟ್ ಮೇಲೆ ಸರಿಯಾದ ಪಿಚ್ ಇರುವ ಹೊಸ ಚೈನು ಹಾಕಿದರೆ ಎರಡಕ್ಕೂ ಹೊಂದುವುದಿಲ್ಲ. ಕೊಕ್ಕೆಯಾದ ಹಲ್ಲು ರೋಲರನ್ನು ಸಲೀಸಾಗಿ ಬಿಡುವುದಿಲ್ಲ, ಎಳೆಯುತ್ತದೆ. ಹೊಸ ಚೈನಿನ ಸವೆತ ಮೊದಲ ದಿನದಿಂದಲೇ ಬಿರುಸಾಗುತ್ತದೆ. ‘ಹೊಸ ಚೈನು ಹಾಕಿಸಿ ಮೂರು ತಿಂಗಳಾಗಿಲ್ಲ, ಆಗಲೇ ಸದ್ದು’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಕಳಪೆ ಚೈನಲ್ಲ, ಹಳೇ ಸ್ಪ್ರಾಕೆಟ್. ಹಳೇ ಚೈನಿಗೆ ಹೊಸ ಸ್ಪ್ರಾಕೆಟ್ ಹಾಕಿದರೂ ಇದೇ ಕತೆ.

ಮುಂದಿನ ಸಣ್ಣ ಸ್ಪ್ರಾಕೆಟ್ ಹಿಂದಿನದಕ್ಕಿಂತ ಬೇಗ ಸವೆಯುತ್ತದೆ. ಮುಂದೆ 14, ಹಿಂದೆ 42 ಹಲ್ಲು ಇದ್ದರೆ, ಹಿಂದಿನದು ಒಂದು ಸುತ್ತು ಬರುವಷ್ಟರಲ್ಲಿ ಮುಂದಿನದು ಮೂರು ಸುತ್ತು ಹಾಕಿರುತ್ತದೆ. ಅದರ ಪ್ರತಿ ಹಲ್ಲಿಗೂ ಮೂರು ಪಟ್ಟು ಕೆಲಸ. ದುರದೃಷ್ಟವೆಂದರೆ ಅದು ಮುಚ್ಚಳದೊಳಗೆ ಅಡಗಿರುವುದರಿಂದ ಯಾರೂ ಅದನ್ನು ನೋಡುವುದಿಲ್ಲ.

ಹಾಗಾಗಿ ಚೈನು, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೆ ಬದಲಿಸಿ ಎಂಬುದು ಬರೀ ವ್ಯಾಪಾರದ ಮಾತಲ್ಲ. ಇದಕ್ಕೆ ಅಪವಾದವೂ ಇದೆ. ಹೊಸ ಗಾಡಿಯಲ್ಲಿ ಚೈನು ಯಾವುದೋ ಏಟಿಗೆ ಹಾಳಾಗಿದ್ದರೆ, ಹಲ್ಲುಗಳು ಎರಡೂ ಬದಿ ಸಮನಾಗಿದ್ದರೆ ಚೈನೊಂದನ್ನೇ ಬದಲಿಸಬಹುದು. ಆದರೆ ಅದನ್ನು ಹಲ್ಲು ನೋಡಿ ನಿರ್ಧರಿಸಬೇಕೇ ಹೊರತು ಜೇಬು ನೋಡಿ ಅಲ್ಲ.

ಎರಡು ಕೊಂಡಿ ಕತ್ತರಿಸುವ ಉಪಾಯ

ಚೈನು ಸಡಿಲವಾಗಿ, ಬಿಗಿ ಮಾಡುವ ಅವಕಾಶವೂ ಮುಗಿದಾಗ ಒಂದು ಜೋಡಿ ಕೊಂಡಿ ತೆಗೆದು ಮತ್ತೆ ಜೋಡಿಸುವುದು ಹಳೇ ಉಪಾಯ. ಚೈನು ಆಗ ಬಿಗಿಯಾಗುವುದು ನಿಜ. ಆದರೆ ಸವೆತ ಇದ್ದದ್ದು ಆ ಎರಡು ಕೊಂಡಿಗಳಲ್ಲಲ್ಲ, 112ರಲ್ಲೂ ಅಲ್ಲವೇ? ಉಳಿದ 110 ಕೊಂಡಿಗಳ ಪಿಚ್ ಹಿಗ್ಗಿದಂತೆಯೇ ಇರುತ್ತದೆ. ಜ್ವರ ಬಂದಾಗ ಥರ್ಮಾಮೀಟರನ್ನು ನೀರಿಗೆ ಅದ್ದಿದ ಹಾಗೆ, ಅಳತೆ ಸರಿಹೋಯಿತೇ ವಿನಾ ಕಾಯಿಲೆ ಹೋಗಲಿಲ್ಲ. ಆ ಹೊತ್ತಿಗೆ ಚೈನು ಬದಲಿಸುವ ಕಾಲ ಮೀರಿರುತ್ತದೆ.

ಅಳೆದು ನೋಡುವುದು ಹೇಗೆ?

ಇದಕ್ಕೆ ಬೇಕಿರುವುದು ಒಂದು ಉಕ್ಕಿನ ಸ್ಕೇಲು ಅಥವಾ ಟೇಪು ಮಾತ್ರ. ಎಂಜಿನ್ ಆಫ್ ಮಾಡಿ, ಚೈನನ್ನು ಬಿಗಿಯಾಗಿ ಎಳೆದು ಹಿಡಿದು, ಒಂದು ಪಿನ್ನಿನ ನಡುವಿನಿಂದ ಇಪ್ಪತ್ತೊಂದನೆಯ ಪಿನ್ನಿನ ನಡುವಿಗೆ ಅಳೆಯಿರಿ. ನಡುವೆ 20 ಪಿಚ್ ಇರುತ್ತವೆ. ಅರ್ಧ ಇಂಚು (12.7 ಮಿ.ಮೀ.) ಪಿಚ್‌ನ ಹೊಸ ಚೈನಿನಲ್ಲಿ ಈ ಅಳತೆ 254 ಮಿ.ಮೀ. ಇರುತ್ತದೆ. 256.5 ಬಂದರೆ ಶೇ 1ರಷ್ಟು, 259 ಬಂದರೆ ಶೇ 2ರಷ್ಟು ಉದ್ದವಾಗಿದೆ ಎಂದರ್ಥ. ಎಷ್ಟಕ್ಕೆ ಬದಲಿಸಬೇಕು ಎಂಬುದು ಗಾಡಿಯ ಕೈಪಿಡಿಯಲ್ಲಿರುತ್ತದೆ. ಹೇಗೇ ಆದರೂ ಶೇ 2 ದಾಟಿದ ಚೈನಿನ ಮೇಲೆ ಭರವಸೆ ಇಡುವಂತಿಲ್ಲ. ಚೈನು ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲವಾದ್ದರಿಂದ ಮೂರು–ನಾಲ್ಕು ಕಡೆ ಅಳೆಯಬೇಕು.

ಸ್ಕೇಲು ಇಲ್ಲದಿದ್ದರೆ ಇನ್ನೊಂದು ಸುಲಭ ಪರೀಕ್ಷೆ ಇದೆ. ಹಿಂದಿನ ಸ್ಪ್ರಾಕೆಟ್‌ನ ತೀರಾ ಹಿಂಭಾಗದಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆಯಿರಿ. ಅದು ಹಲ್ಲಿನಿಂದ ಮೇಲೆದ್ದು ಅರ್ಧ ಹಲ್ಲು ಕಾಣಿಸಿದರೆ ಚೈನಿನ ಕಾಲ ಮುಗಿದಿದೆ.

ಡಬ್ಬದ ಮೇಲಿನ ಸಂಖ್ಯೆ ಏನು ಹೇಳುತ್ತದೆ?

ಚೈನಿನ ಡಬ್ಬದ ಮೇಲೆ 428, 520, 525, 530 ಎಂಬ ಸಂಖ್ಯೆಗಳಿರುತ್ತವೆ. ಇವು ಮಾಡೆಲ್ ಹೆಸರುಗಳಲ್ಲ, ಅಳತೆಗಳು. ಮೊದಲ ಅಂಕಿ ಪಿಚ್ ಅನ್ನು ಇಂಚಿನ ಎಂಟನೇ ಒಂದು ಭಾಗಗಳಲ್ಲಿ ಹೇಳುತ್ತದೆ. 4 ಎಂದರೆ 4/8, ಅಂದರೆ ಅರ್ಧ ಇಂಚು. 5 ಎಂದರೆ 5/8 ಇಂಚು (15.875 ಮಿ.ಮೀ.). ಉಳಿದ ಎರಡು ಅಂಕಿಗಳು ಒಳ ಅಗಲವನ್ನು ಸೂಚಿಸುತ್ತವೆ. 428ರ ಒಳ ಅಗಲ ಸುಮಾರು 8 ಮಿ.ಮೀ., 520ರದ್ದು ಸುಮಾರು 6.4, 530ರದ್ದು ಸುಮಾರು 9.5. ನಮ್ಮ 100ರಿಂದ 150 ಸಿಸಿ ಬೈಕುಗಳಲ್ಲಿ ಹೆಚ್ಚಾಗಿ ಕಾಣುವುದು 428.

ಪಿಚ್ ಬೇರೆಯಾದ ಚೈನು ಹಳೇ ಸ್ಪ್ರಾಕೆಟ್ ಮೇಲೆ ಕೂರುವುದೇ ಇಲ್ಲ. ಆದ್ದರಿಂದ ‘ದೊಡ್ಡ ಗಾಡಿಯ ಚೈನು ಹಾಕಿದರೆ ಗಟ್ಟಿ’ ಎಂಬ ಯೋಚನೆಗೆ ಅರ್ಥವಿಲ್ಲ. ಸಂಖ್ಯೆಯ ಮುಂದೆ ‘ಎಚ್’ ಅಕ್ಷರ ಇದ್ದರೆ, ಉದಾಹರಣೆಗೆ 428ಎಚ್, ಪಕ್ಕದ ಪಟ್ಟಿಗಳು ದಪ್ಪ ಎಂದರ್ಥ. ಅದು ಅದೇ ಸ್ಪ್ರಾಕೆಟ್ ಮೇಲೆ ಕೂರುತ್ತದೆ. ಭಾರ ಹೊರುವ ಗಾಡಿಗೆ ಒಳ್ಳೆಯದು.

ಇನ್ನು ‘ಓ–ರಿಂಗ್’ ಚೈನು. ಇದರಲ್ಲಿ ಪಿನ್ನು–ಬುಷ್‌ಗಳ ನಡುವೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ, ಎರಡೂ ಬದಿ ರಬ್ಬರ್ ಉಂಗುರದಿಂದ ಮುಚ್ಚಿರುತ್ತಾರೆ. ಗ್ರೀಸ್ ಹೊರಗೆ ಹೋಗುವುದಿಲ್ಲ, ದೂಳು ಒಳಗೆ ಬರುವುದಿಲ್ಲ. ಸಾಮಾನ್ಯ ಚೈನಿಗಿಂತ ಹೆಚ್ಚು ಕಾಲ ಬಾಳುತ್ತದೆ, ಬೆಲೆಯೂ ಹೆಚ್ಚು. ಕವಚವಿಲ್ಲದೆ ಚೈನು ಬಯಲಿನಲ್ಲಿರುವ ಗಾಡಿಗೆ ನಮ್ಮ ದೂಳಿನಲ್ಲಿ ಇದು ಹಣಕ್ಕೆ ತಕ್ಕ ಆಯ್ಕೆ. ಆದರೆ ಉಂಗುರಗಳಿಂದಾಗಿ ಚೈನು ಸ್ವಲ್ಪ ಅಗಲವಾಗಿರುವುದರಿಂದ ನಿಮ್ಮ ಗಾಡಿಯ ಕವಚಕ್ಕೋ ಎಂಜಿನ್ ಮುಚ್ಚಳಕ್ಕೋ ತಾಗದೇ ಎಂದು ಮೊದಲೇ ನೋಡಿಕೊಳ್ಳಬೇಕು. ಚಿನ್ನದ ಬಣ್ಣದ ಚೈನು ಹೆಚ್ಚು ಗಟ್ಟಿ ಎಂಬುದು ಮಾತ್ರ ತಪ್ಪು ನಂಬಿಕೆ. ಅದು ತುಕ್ಕು ತಡೆಯುವ ಲೇಪ, ಜತೆಗೆ ಒಂದಿಷ್ಟು ಅಂದ. ಸವೆಯುವ ಪಿನ್ನಿಗೂ ಹೊರಗಿನ ಬಣ್ಣಕ್ಕೂ ಸಂಬಂಧವಿಲ್ಲ.

ಸ್ಪ್ರಾಕೆಟ್‌ನಲ್ಲೂ ಉಕ್ಕು, ಅಲ್ಯೂಮಿನಿಯಂ ಎಂಬ ಎರಡು ಬಗೆಗಳಿವೆ. ಅಲ್ಯೂಮಿನಿಯಂ ಹಗುರ, ಆದರೆ ಬೇಗ ಸವೆಯುತ್ತದೆ. ಅದು ರೇಸಿನವರ ಆಯ್ಕೆ. ದಿನಾ ಕೆಲಸಕ್ಕೆ ಹೋಗುವ ಗಾಡಿಗೆ ಉಕ್ಕೇ ಸರಿ.

ಯಾವ ಕಂಪನಿಯದು? ಗಾಡಿ ಕಂಪನಿಯ ಬಿಡಿಭಾಗ ಒಂದು ದಾರಿ. ಚೈನುಗಳನ್ನೇ ತಯಾರಿಸುವ ಹೆಸರಾಂತ ಕಂಪನಿಗಳ ಸೆಟ್ ಇನ್ನೊಂದು ದಾರಿ. ಚೆನ್ನೈ ಮೂಲದ ಡೈಮಂಡ್, ಕೊಯಮತ್ತೂರು ಮೂಲದ ರೋಲಾನ್ ಇಂಥವು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಳ್ಳಿ ಅಥವಾ ಹೊಸಕೋಟೆಯ ಬಸ್ ನಿಲ್ದಾಣದ ಹತ್ತಿರ ಕೊಳ್ಳಿ, ಬಿಲ್ ಕೇಳಿ ಪಡೆಯಿರಿ. ಡಬ್ಬದ ಮೇಲಷ್ಟೇ ಅಲ್ಲ, ಚೈನಿನ ಪಟ್ಟಿಯ ಮೇಲೂ ತಯಾರಕರ ಹೆಸರು ಮತ್ತು ಅಳತೆ ಸ್ಪಷ್ಟವಾಗಿ ಒತ್ತಿದೆಯೇ ನೋಡಿ. ಹೆಸರೇ ಇಲ್ಲದ ಚೈನು ಅಗ್ಗವಾದರೂ, ಅದರ ಪಿನ್ನಿನ ಉಕ್ಕನ್ನು ಸರಿಯಾಗಿ ಹದ ಮಾಡಿದ್ದಾರೆಯೇ ಎಂದು ತಿಳಿಯುವ ದಾರಿ ನಮಗಿಲ್ಲ.

ಒಂದು ಹಲ್ಲು ಹೆಚ್ಚಿಸಿದರೆ ಮೈಲೇಜ್ ಹೆಚ್ಚುತ್ತದೆಯೇ?

ಹಿಂದಿನ ಹಲ್ಲುಗಳನ್ನು ಮುಂದಿನದರಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಇಲ್ಲಿ ಮುಖ್ಯ. 42/14 ಎಂದರೆ 3. ಮುಂದೆ 15 ಹಲ್ಲು ಹಾಕಿದರೆ ಅದು 2.8 ಆಗುತ್ತದೆ. ಅದೇ ವೇಗಕ್ಕೆ ಎಂಜಿನ್ ಸುಮಾರು ಶೇ 7ರಷ್ಟು ನಿಧಾನವಾಗಿ ತಿರುಗುತ್ತದೆ. ಆದರೆ ಹಿಂಚಕ್ರಕ್ಕೆ ಸಿಗುವ ಎಳೆತವೂ ಅಷ್ಟೇ ಕಡಿಮೆಯಾಗುತ್ತದೆ. ಮುಂದೆ 13 ಹಾಕಿದರೆ ಇದಕ್ಕೆ ವಿರುದ್ಧ: ಎಳೆತ ಸುಮಾರು ಶೇ 8 ಹೆಚ್ಚು, ಎಂಜಿನ್ ಅಷ್ಟೇ ಜೋರಾಗಿ ತಿರುಗಬೇಕು.

ನೆಲಮಂಗಲದಿಂದ ದಾಬಸ್‌ಪೇಟೆ ಕಡೆಗೆ ಹೆದ್ದಾರಿಯಲ್ಲಿ ಒಬ್ಬರೇ ಒಂದೇ ವೇಗದಲ್ಲಿ ಹೋಗುವವರಿಗೆ 15 ಹಲ್ಲು ಸ್ವಲ್ಪ ಲಾಭ ತರಬಹುದು. ಆದರೆ ಇಬ್ಬರು ಕೂತು ಘಾಟಿ ಸುಬ್ರಹ್ಮಣ್ಯದ ಕಡೆಯ ಏರು ಹತ್ತುವಾಗ, ಅಥವಾ ಎರಡು ಕ್ಯಾನ್ ಹಾಲು ಕಟ್ಟಿಕೊಂಡು ಹಳ್ಳಿ ದಾರಿಯಲ್ಲಿ ಹೋಗುವಾಗ ಎಂಜಿನ್ ಉಸಿರುಗಟ್ಟುತ್ತದೆ, ಪದೇ ಪದೇ ಗೇರ್ ಇಳಿಸಬೇಕಾಗುತ್ತದೆ. ಉಳಿಯಿತು ಎಂದುಕೊಂಡ ಪೆಟ್ರೋಲು ಅಲ್ಲಿ ಹೋಗುತ್ತದೆ. ಗಾಡಿಯನ್ನು ಒಂದು ವೇಗದಲ್ಲಿ ಮುಂದೂಡಲು ಬೇಕಾಗುವ ಶಕ್ತಿ ಗಾಳಿಯ ತಡೆ, ಟೈರು, ಭಾರ, ಏರುಗಳಿಗೆ ಬಿಟ್ಟ ವಿಷಯ. ಹಲ್ಲು ಬದಲಿಸಿ ಅದನ್ನು ಕಡಿಮೆ ಮಾಡಲಾಗದು. ಮುಂಚಕ್ರದಿಂದ ಕೇಬಲ್ ಎಳೆದ ಸ್ಪೀಡೋಮೀಟರ್‌ಗೆ ಈ ಬದಲಾವಣೆಯಿಂದ ವ್ಯತ್ಯಾಸವಿಲ್ಲ, ಆದರೆ ಗೇರ್‌ಬಾಕ್ಸಿನ ಕಡೆಯಿಂದ ವೇಗ ತಿಳಿಯುವ ಗಾಡಿಗಳಲ್ಲಿ ಮೀಟರ್ ತಪ್ಪು ತೋರಿಸುತ್ತದೆ.

ಮುಂದಿನ ಸ್ಪ್ರಾಕೆಟ್ ತೀರಾ ಚಿಕ್ಕದಾಗಬಾರದು ಎಂಬುದಕ್ಕೂ ಕಾರಣವಿದೆ. ಚೈನು ಸ್ಪ್ರಾಕೆಟ್ ಸುತ್ತ ವೃತ್ತದಂತೆ ಸುತ್ತುವುದಿಲ್ಲ, ಬಹುಭುಜದಂತೆ ಮುರಿಮುರಿಯಾಗಿ ಸುತ್ತುತ್ತದೆ. ಇದರಿಂದ ಚೈನಿನ ವೇಗ ಪ್ರತಿ ಹಲ್ಲಿಗೂ ಸ್ವಲ್ಪ ಏರಿಳಿಯುತ್ತದೆ. 14 ಹಲ್ಲಿಗೆ ಈ ಏರಿಳಿತ ಸುಮಾರು ಶೇ 2.5, 11 ಹಲ್ಲಿಗೆ ಶೇ 4. ಹಲ್ಲು ಕಡಿಮೆಯಾದಷ್ಟೂ ಕೀಲು ಹೆಚ್ಚು ಮಡಚಬೇಕು, ನಡುಕ ಮತ್ತು ಸವೆತ ಹೆಚ್ಚು. ಕಂಪನಿ ಕೊಟ್ಟ ಹಲ್ಲಿನ ಸಂಖ್ಯೆಯನ್ನೇ ಉಳಿಸಿಕೊಳ್ಳುವುದು ಬಹುತೇಕ ಎಲ್ಲರಿಗೂ ಒಳ್ಳೆಯದು.

ಬಿಗಿಯಾದಷ್ಟೂ ಒಳ್ಳೆಯದೇ?

ಅಲ್ಲ. ಹಿಂಚಕ್ರ ಗುಂಡಿಗೆ ಬಿದ್ದು ಏಳುವಾಗ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಬದಲಾಗುತ್ತದೆ. ಅದಕ್ಕೆ ಚೈನಿನಲ್ಲಿ ಸ್ವಲ್ಪ ಜೋಲು ಇರಲೇಬೇಕು. ಹಲವು ಸಾಮಾನ್ಯ ಬೈಕುಗಳಲ್ಲಿ ಇದು 20ರಿಂದ 30 ಮಿ.ಮೀ. ನಿಮ್ಮ ಗಾಡಿಯದು ಎಷ್ಟೆಂದು ಕೈಪಿಡಿಯಲ್ಲಿರುತ್ತದೆ. ತಂತಿಯಂತೆ ಬಿಗಿದರೆ ಇಬ್ಬರು ಕೂತ ಕೂಡಲೇ ಚೈನು, ಗೇರ್‌ಬಾಕ್ಸಿನ ಬೇರಿಂಗ್ ಎರಡಕ್ಕೂ ಪೆಟ್ಟು. ಬೇರಿಂಗ್ ಬದಲಿಸಲು ಎಂಜಿನ್ ಬಿಚ್ಚಬೇಕಾಗುತ್ತದೆ. ಆ ಖರ್ಚಿನ ಮುಂದೆ ಚೈನ್ ಸೆಟ್ಟಿನ ಬೆಲೆ ಏನೇನೂ ಅಲ್ಲ.

ಎಣ್ಣೆಯ ವಿಷಯದಲ್ಲೂ ತಪ್ಪು ನಂಬಿಕೆಗಳಿವೆ. ಗಾಡಿಯಿಂದ ಇಳಿಸಿದ ಹಳೇ ಎಂಜಿನ್ ಆಯಿಲನ್ನು ಚೈನಿಗೆ ಸುರಿಯುವ ರೂಢಿ ಇದೆ. ಅದರಲ್ಲಿ ಮಸಿಯೂ ಲೋಹದ ಸಣ್ಣ ಕಣಗಳೂ ಇರುತ್ತವೆ. ಪದೇ ಪದೇ ಕೈಗೆ ತಾಗಿದರೆ ಚರ್ಮಕ್ಕೂ ಒಳ್ಳೆಯದಲ್ಲ. ದಪ್ಪ ಗ್ರೀಸ್ ಬಳಿದರೆ ಅದು ಕೀಲಿನೊಳಗೆ ಇಳಿಯದೆ ಹೊರಗೇ ಕೂತು ದೂಳು ಹಿಡಿಯುತ್ತದೆ. ಹೊಸ ಗೇರ್ ಆಯಿಲ್ (ಎಸ್‌ಎಇ 80 ಅಥವಾ 90) ಇಲ್ಲವೇ ಚೈನ್ ಸ್ಪ್ರೇ ಸಾಕು. ಒಂದಿಷ್ಟು ಓಡಿಸಿ ಚೈನು ಬೆಚ್ಚಗಿರುವಾಗ ಒಳಬದಿಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಓ–ರಿಂಗ್ ಚೈನನ್ನು ಪೆಟ್ರೋಲಿನಲ್ಲಿ ತೊಳೆಯಬೇಡಿ, ರಬ್ಬರ್ ಹಾಳಾಗುತ್ತದೆ.

ಇದು ಬರೀ ಸದ್ದಿನ ಪ್ರಶ್ನೆಯಲ್ಲ

ಸವೆದ ಚೈನು ಹಲ್ಲಿನಿಂದ ಜಾರಿದರೆ ಎಂಜಿನ್ ಎಷ್ಟೇ ತಿರುಗಿದರೂ ಚಕ್ರಕ್ಕೆ ಬಲ ಸಿಗುವುದಿಲ್ಲ. ದೇವನಹಳ್ಳಿ ಹೆದ್ದಾರಿಯಲ್ಲಿ ಲಾರಿಯನ್ನು ಹಿಂದಿಕ್ಕುವ ಹೊತ್ತಿನಲ್ಲಿ ಹೀಗಾದರೆ? ಚೈನು ತುಂಡಾಗಿ ಮುಂದಿನ ಸ್ಪ್ರಾಕೆಟ್ ಬಳಿ ಸಿಕ್ಕಿಕೊಂಡರೆ ಎಂಜಿನ್ ಕವಚ ಒಡೆಯಬಹುದು. ಹಿಂಚಕ್ರಕ್ಕೆ ಸುತ್ತಿಕೊಂಡರೆ ಚಕ್ರ ಓಡುತ್ತಿರುವಾಗಲೇ ಕಚ್ಚಿ ನಿಲ್ಲಬಹುದು.

ಹೊಸ ಚೈನಿನ ಲಾಕ್ ಹಾಕುವಾಗ ಅದರ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿಗೆ, ತೆರೆದ ತುದಿ ಹಿಂದಕ್ಕೆ ಇರಬೇಕು. ತಿರುಗುಮುರುಗಾದರೆ ಕಲ್ಲೋ ಕಡ್ಡಿಯೋ ತಾಗಿ ಕ್ಲಿಪ್ ಬಿಚ್ಚಿಕೊಳ್ಳುತ್ತದೆ. ಗ್ಯಾರೇಜಿನಿಂದ ಹೊರಡುವ ಮುನ್ನ ಇದೊಂದನ್ನು ನೀವೇ ಬಗ್ಗಿ ನೋಡಿ. ಹಿಂಚಕ್ರದ ಡ್ರಮ್ಮಿನೊಳಗೆ ಎಳೆತದ ಪೆಟ್ಟು ತಾಳುವ ರಬ್ಬರ್ ತುಂಡುಗಳಿರುತ್ತವೆ. ಚೈನ್ ಸೆಟ್ ಬದಲಿಸುವಾಗಲೇ ಅವನ್ನೂ ನೋಡಿಸಿ.

ಇನ್ನೆರಡು ಎಚ್ಚರಿಕೆಗಳು. ಗಾಡಿಯನ್ನು ಸ್ಟ್ಯಾಂಡ್ ಹಾಕಿ, ಎಂಜಿನ್ ಚಾಲೂ ಇಟ್ಟು, ಗೇರಿನಲ್ಲಿ ಚಕ್ರ ತಿರುಗಿಸುತ್ತ ಬಟ್ಟೆಯಿಂದ ಚೈನು ಒರೆಸುವವರನ್ನು ನಾವು ನೋಡುತ್ತಲೇ ಇರುತ್ತೇವೆ. ಬಟ್ಟೆ ಸಿಕ್ಕಿಕೊಂಡರೆ ಬೆರಳು ಹಿಂತೆಗೆಯುವಷ್ಟು ಸಮಯ ಸಿಗುವುದಿಲ್ಲ. ಕೀ ತೆಗೆದು, ಚಕ್ರವನ್ನು ಕೈಯಲ್ಲೇ ತಿರುಗಿಸಿ ಒರೆಸಿ. ಹಾಗೆಯೇ, ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ತಡೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಹೇಳುತ್ತದೆ. ಚೈನು ಬದಲಿಸಲು ಬಿಚ್ಚಿದ ಸೀರೆ ಗಾರ್ಡ್, ಚೈನ್ ಕವರ್‌ಗಳನ್ನು ಮತ್ತೆ ಹಾಕಿಸದೆ ಹೊರಡಬೇಡಿ. ಸೆರಗು, ದುಪಟ್ಟಾಗಳ ಮತ್ತು ಚೈನಿನ ನಡುವೆ ಇರುವ ತಡೆ ಅದೊಂದೇ.

ಹಾಗಾದರೆ ಕೊನೆಗೆ ಏನು ಮಾಡಬೇಕು? ಮೊದಲು ಅಳೆಯಿರಿ, ಆಮೇಲೆ ಕೊಳ್ಳಿ. ಕೊಳ್ಳುವಾಗ ಮೂರನ್ನೂ ಒಟ್ಟಿಗೆ, ಕಂಪನಿ ಹೇಳಿದ ಅಳತೆಯಲ್ಲೇ, ಹೆಸರಿರುವ ತಯಾರಕರಿಂದ ಕೊಳ್ಳಿ. ಆಮೇಲೆ ವಾರಕ್ಕೊಮ್ಮೆ ಐದು ನಿಮಿಷ ಬಗ್ಗಿ ನೋಡಿ. ಕಿಲೋಮೀಟರಿಗೆ 800 ಸಲ ಮಡಚಿ ಬಿಚ್ಚುವ ಕೀಲಿಗೆ ವಾರಕ್ಕೆ ನಾಲ್ಕು ಹನಿ ಎಣ್ಣೆ ದೊಡ್ಡ ಬೇಡಿಕೆಯೇನಲ್ಲ.